ಕಳಲೆಯ ಬ್ಯಾಕ್ಟೀರಿಯಾ

ನಮ್ಮ ಪ್ರೊಫೆಸರು ಕನ್ನಡಕವನ್ನು ಹಣೆಗೇರಿಸಿದರೆಂದರೆ ಉಪದೇಶ ಶುರುವಾಯಿತೆಂದೇ ಲೆಕ್ಕ: "ವಿಜ್ಞಾನಕ್ಕೆ ಊರು ಕೇರಿ ಅಂತಿಲ್ಲ ಕಣ್ರೀ."

ಹೆಮ್ಮಿಗೆಯ ಗದ್ದೆಯ ಮಣ್ಣಿನಲ್ಲಿ ನನಗೊಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಜೀನುಗಳು ಗೊತ್ತಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಹೊಸ ಪ್ರಭೇದಕ್ಕೆ ಅದು ಸಿಕ್ಕಿದ ಊರಿನ ಹೆಸರಿಡುವುದು ವಾಡಿಕೆ. ಆದರೆ ಪ್ರೊಫೆಸರ ಊರು ಕಳಲೆ. ಕನ್ನಡಕ ಹಣೆಗೇರಿತು.

"ಕಳಲೇಲೂ ಇರ್ಬೇಕು, ಹುಡುಕ್ರೀ."

ನನ್ನ ಪಿಎಚ್‌ಡಿ ಅವರ ಸಹಿಗೆ ಕಾದಿತ್ತು. ಕಳಲೆಗೆ ಹೋಗಿ ಅವರ ಹಿತ್ತಿಲನ್ನೆಲ್ಲ ಕೆದಕಿದೆ.

"ಸಿಕ್ಲಿಲ್ಲ ಸಾ."

ಮರುವಾರ ಅವರೇ ಹೆಮ್ಮಿಗೆಯಿಂದ ಸ್ಕೂಟರಿನಲ್ಲಿ ಒಂದು ಮೂಟೆ ಮಣ್ಣು ತಂದರು. ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿದು, ಮೇಲೊಂದು ಬಿಂದಿಗೆ ನೀರು ಹೊಯ್ದು, ಕನ್ನಡಕ ಹಣೆಗೇರಿಸಿದರು.

"ಈಗ ಹುಡುಕ್ರೀ. ನಮ್ಮೂರ್ದು ಕಣ್ರೀ ಅದು, ಎಲ್ಲಿಗೋಯ್ತದೆ?"