ತಲುಪಿಸಬೇಕಾಗಿದ್ದ ಮಾತು

ಖೂಬಾ ಪ್ಲಾಟ್ ಬಡಾವಣೆಯ ಅಣವೀರಪ್ಪ ಸರಕಾರಿ ಬಸ್ಸಿನ ಡ್ರೈವರ್. ಬಹಳ ವರ್ಷಗಳಿಂದ ಅವನ ಡ್ಯೂಟಿ ಬೀದರ ರಸ್ತೆಯಲ್ಲಿ. ಮುದುಕರು ಹತ್ತಿ ಕೂಡುವ ತನಕ ಗಾಡಿ ಬಿಡುವವನಲ್ಲ. ಕಂಡಕ್ಟರುಗಳು ಅವನ ಜೋಡಿ ಬೇಕೆಂದು ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಕಮಲಾಪುರ ಇನ್ನೇನು ಬಂತು ಅನ್ನುವಾಗ, ಎದುರಿನಿಂದ ಬರುತ್ತಿದ್ದ ಮೋಟರ್ ಸೈಕಲ್ ಜಲ್ಲಿಯ ಮೇಲೆ ಜಾರಿ ನೇರವಾಗಿ ಬಸ್ಸಿನ ಮುಂದೆ ಬಂದು ಬಿತ್ತು. ಅಣವೀರಪ್ಪ ಬ್ರೇಕ್ ಒತ್ತಿದ. ಬಸ್ಸು ನಿಂತಿತು, ಆದರೆ ಅಷ್ಟರೊಳಗೆ ಆಗಬಾರದ್ದು ಆಗಿಹೋಗಿತ್ತು.

"ಜನ ಕೂಡಿದ್ರ ಬಡೀತಾರ. ಹೊಲದಾಗ ಹಾದು ಓಡಿ ಹೋಗ್ರಿ," ಎಂದ ಕಂಡಕ್ಟರ್.

ಅಣವೀರಪ್ಪ ಓಡಲಿಲ್ಲ. ಬಿದ್ದವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಡುವ ಡಾಂಬರಿನ ಮೇಲೆಯೇ ಕುಳಿತ. ತನ್ನ ಬಾಟಲಿಯ ನೀರು ಕುಡಿಸಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಆ ಮನುಷ್ಯ ತೀರಿಕೊಂಡಿದ್ದ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಅಲ್ಲಾಬಕ್ಷ ಅವನು ಎಂದು ಪೊಲೀಸರು ಬಂದ ಮೇಲೆ ಗೊತ್ತಾಯಿತು.

ವಿಚಾರಣೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದೇ ಬಂತು. ಆದರೆ ಮತ್ತೆ ಸ್ಟೇರಿಂಗ್ ಹಿಡಿದ ದಿನ ಅಣವೀರಪ್ಪನ ಕೈಗಳು ನಡುಗತೊಡಗಿದವು. ಸ್ಟ್ಯಾಂಡಿನ ಗೇಟು ದಾಟುವ ಮೊದಲೇ ಇಳಿದುಬಿಟ್ಟ. ಅವನನ್ನು ಡಿಪೋದೊಳಗಿನ ಕೆಲಸಕ್ಕೆ ಹಾಕಿದರು. ಸಮಾಧಾನ ಹೇಳದವರೇ ಇರಲಿಲ್ಲ. "ಅವನ ಆಯುಷ್ಯ ಅಷ್ಟೇ ಇತ್ತು," ಎಂದರು. "ನಿಂದೇನು ತಪ್ಪದ?" ಎಂದರು. ಅವನು ತಲೆಯಾಡಿಸಿ ಎದ್ದು ಹೋಗುತ್ತಿದ್ದ. ಆ ಮಾತುಗಳೆಲ್ಲ ಬೇರೆ ಯಾರಿಗೋ ಹೇಳಿದಂತೆ ಅವನಿಗೆ ಕೇಳಿಸುತ್ತಿದ್ದವು.

ಒಂದು ದಿನ ತಾಟಿನ ಮುಂದೆ ಸುಮ್ಮನೆ ಕುಳಿತಿದ್ದವನನ್ನು ಹೆಂಡತಿ ಶಾರದಾಬಾಯಿ ಕೇಳಿದಳು. "ಹೋಗೂ ಮೊದಲ ಆ ಮನಷ್ಯಾ ಏನರ ಅಂದಿದ್ನೇನು?"

ಅಷ್ಟು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಮನಿಗಿ ಫೋನ್ ಮಾಡ್ರಿ, ಊಟಕ್ಕ ಕಾಯಬ್ಯಾಡ ಅಂತ ಹೇಳ್ರಿ ಅಂದ. ತಾನು ಸಾಯಾಕತ್ತೀನಿ ಅಂತ ಅವಗ ಗೊತ್ತೇ ಇರಲಿಲ್ಲ."

"ಹೇಳಿದ್ರೇನು?"

"ಯಾವ ಮಾರಿ ಇಟಗೊಂಡು ಹೇಳಲಿ?"

ಶಾರದಾಬಾಯಿ ತಾಟನ್ನು ಪಕ್ಕಕ್ಕೆ ಸರಿಸಿದಳು. "ಅದು ಅವನ ಹೆಂಡತಿಗಿ ಸೇರಬೇಕಾದ ಮಾತು. ನೀವು ಇಟಗೊಂಡು ಕುಂತ್ರ ಹ್ಯಾಂಗ? ಗಂಡ ಸತ್ತ ಮ್ಯಾಲ ಆಕಿ ಮನ್ಯಾಗ ಕೂಡೂ ಇದ್ದತ್ ಸೈತ ಮುಗದಿರತದ ಈಗ. ನಾನೂ ಬರ್ತೀನಿ, ನಡೀರಿ. ಬೈದ್ರ ಬೈಸಿಕೊಂಡು ಬರೋಣ."

ಮುಂದಿನ ರವಿವಾರ ಇಬ್ಬರೂ ಕಮಲಾಪುರಕ್ಕೆ ಹೋದರು. ಬಾಗಿಲು ತೆರೆದವನು ಅಲ್ಲಾಬಕ್ಷನ ಮಗ ಪರ್ವೇಜ್. ಬಂದವರು ಯಾರೆಂದು ತಿಳಿದದ್ದೇ ಅವನ ಮುಖ ಗಟ್ಟಿಯಾಯಿತು. "ಇಲ್ಲಿ ಏನ್ ಕೆಲಸ ಅದ ನಿಮ್ದು?" ಎಂದ.

ಒಳಗಿನಿಂದ ಅವನ ತಾಯಿ ಬಷೀರುನ್ನೀಸಾ, "ಒಳಗ ಬರಲಿ ಬಿಡು ಬೇಟಾ," ಎಂದಳು.

ಗಂಡ ಹೆಂಡತಿ ಚಾಪೆಯ ಮೇಲೆ ಕುಳಿತರು. ಬಷೀರುನ್ನೀಸಾಳೇ ಮೊದಲು ಕೇಳಿದಳು. "ನೀರು ನೀರು ಅಂತ ಒದರ್ಕೋತ ಒಬ್ಬರೇ ಬಿದ್ದಿದ್ರು ಅಂತ ಮಂದಿ ಹೇಳ್ತಾರ. ಖರೇ ಏನು ಅಣ್ಣಾರ?"

"ಇಲ್ರಿ ಅಕ್ಕಾರ. ಒಬ್ಬರೇ ಇರಲಿಲ್ಲ. ಅವ್ರ ತಲಿ ನನ್ನ ತೊಡಿ ಮ್ಯಾಲಿತ್ತು. ನೀರು ಕುಡಿಸೀನ್ರಿ. ಒದರಲಿಲ್ಲ, ಸಣ್ಣ ದನಿಲೆ ಮಾತಾಡಿದ್ರು." ಹಾಗೆ ಹೇಳಿ ಆ ಮಾತನ್ನೂ ಹೇಳಿದ.

ಬಷೀರುನ್ನೀಸಾ ಸೆರಗನ್ನು ಬಾಯಿಗೊತ್ತಿಕೊಂಡಳು. "ನಾನು ಅವ್ರು ಬರೂ ತನಕಾ ಉಣ್ಣೋದಿಲ್ಲ ಅಂತ ಅವ್ರಿಗಿ ಗೊತ್ತಿತ್ತು," ಎಂದಳು. ಬಹಳ ಹೊತ್ತು ಅತ್ತಳು. ಶಾರದಾಬಾಯಿ ಸರಿದು ಅವಳ ಪಕ್ಕಕ್ಕೆ ಹೋಗಿ ಕುಳಿತಳು. ಪರ್ವೇಜ್ ಗೋಡೆಗೆ ಒರಗಿ ನಿಂತಿದ್ದವನು ಅಲ್ಲಿಯೇ ನೆಲಕ್ಕೆ ಕುಸಿದು ಕುಳಿತ.

ಅಳು ನಿಂತ ಮೇಲೆ ಅವಳು ಕೇಳಿದಳು. "ನೀವು ಗಾಡಿ ಹೊಡ್ಯಾಕತ್ತೀರೇನು?"

"ಇಲ್ರಿ. ಕೈ ನಡುಗ್ತಾವ."

ಅವಳು ಅವನ ಕೈಗಳತ್ತ ನೋಡಿದಳು. "ನಿಮ್ಮನ್ನ ನೋಡಿದ್ರ ಸಿಟ್ಟು ಬರಬಹುದು ಅಂದಕೊಂಡಿದ್ದೆ. ಆದ್ರ ಅವ್ರಿಗಿ ಕಡೀ ನೀರು ಕುಡಿಸಿದ್ದು ಈ ಕೈನೇ ಅಲ್ಲೇನ್ರಿ."

ಅಪಘಾತವಾದ ದಿನವೂ ಅಳದಿದ್ದ ಅಣವೀರಪ್ಪ ಆಗ ಅತ್ತ. ಯಾರೂ ಅವನನ್ನು ತಡೆಯಲಿಲ್ಲ. ಹೊರಡುವಾಗ ಪರ್ವೇಜ್ ಬಸ್ ನಿಲ್ದಾಣದ ತನಕ ಜೊತೆಗೆ ನಡೆದು ಬಂದ.

ದೀಪಾವಳಿ ಕಳೆದ ಮೇಲೆ ಅಣವೀರಪ್ಪ ಊರೊಳಗಿನ ಬಸ್ಸು ಓಡಿಸತೊಡಗಿದ. ನಡುಕ ಪೂರ್ತಿ ಹೋಗಿಲ್ಲ. ಬೀದರ ರಸ್ತೆಯ ಡ್ಯೂಟಿಯನ್ನು ಅವನು ಇನ್ನೂ ಕೇಳಿಲ್ಲ. ಶಾರದಾಬಾಯಿಗೂ ಬಷೀರುನ್ನೀಸಾಗೂ ಈಗ ಫೋನಿನಲ್ಲಿ ಮಾತುಕತೆ ಇದೆ.

ಮೊನ್ನೆ ಡಿಪೋದ ಇನ್ನೊಬ್ಬ ಡ್ರೈವರನ ಗಾಡಿಗೆ ಸಿಕ್ಕು ಒಬ್ಬರು ತೀರಿಕೊಂಡರು. ಎಲ್ಲರೂ ಅವನ ಸುತ್ತ ನಿಂತು ನಿನ್ನ ತಪ್ಪಿಲ್ಲ ಎನ್ನುತ್ತಿದ್ದರು. ಅಣವೀರಪ್ಪ ಅವರೆಲ್ಲ ಹೋಗುವ ತನಕ ಕಾದ. ಆಮೇಲೆ ಅವನ ಹತ್ತಿರ ಕುಳಿತು, "ಏನಾತು, ಮೊದಲಿಂದ ಹೇಳು. ನಾ ಕೇಳ್ತೀನಿ," ಎಂದ.