ಎಲ್ಲಾ ಕಡೆಯಿಂದ ಕಂಡ ಚೊಂಬು

ನನಗೆ ಸಂತೋಷ ತಡೆಯಲಾಗುತ್ತಿಲ್ಲ. ಆದರೆ ಯಾಕೆ ಸಂತೋಷ ಅಂತ ಬಿಡಿಸಿ ಹೇಳು ಅಂದರೆ ತಲೆ ಗಿರ್ರೆನ್ನುತ್ತದೆ.

ಮೊಮ್ಮಗಳು ಚಿತ್ರಕಲೆ ಓದುತ್ತಾಳೆ. ಕಾಲೇಜಿನ ಪ್ರದರ್ಶನಕ್ಕೆ ಚಿತ್ರ ಕೊಡಬೇಕಿತ್ತು. ಮೇಷ್ಟ್ರು ಒಪ್ಪಿದರಷ್ಟೇ ಗೋಡೆಗೆ. ಹೋದ ವರ್ಷ ಅವಳದು ವಾಪಸ್ ಬಂದು, ಮಗು ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಈ ಸಲ ಸದಾಶಿವನಗರದ ನಮ್ಮ ಮನೆಯ ಮೇಜಿನ ಮೇಲೆ ನನ್ನ ತಾಮ್ರದ ಚೊಂಬು, ನಿಂಬೆಹಣ್ಣು, ಮಡಿಸಿದ ಪೇಪರ್ ಜೋಡಿಸಿಕೊಂಡು ಕೂತಳು.

“ಅಜ್ಜೀ, ಇದನ್ನ ಮುಟ್‌ಬೇಡ ಕಣೇ.”

ಹೇಗೆ ಸುಮ್ಮನಿರಲಿ? ದೀಪ ಹಚ್ಚುವ ಹೊತ್ತಿನಲ್ಲಿ ಬರೀ ಚೊಂಬು ಬಾಯಿ ತೆರೆದುಕೊಂಡು ಕೂರಬಾರದು. ಸಂಜೆ ಅವಳು ಎದ್ದು ಹೋದ ಮೇಲೆ ಬೋರಲು ಹಾಕುತ್ತಿದ್ದೆ. ಬೆಳಿಗ್ಗೆ ಅವಳು ಏಳುವ ಮೊದಲು ನೆಟ್ಟಗಿಡುತ್ತಿದ್ದೆ. ಕೆಲವು ಸಲ ಮರೆತೂ ಹೋಗುತ್ತಿತ್ತು.

ಚಿತ್ರ ಮುಗಿಸಿ ಕರೆದಳು. ಹೋಗಿ ನೋಡಿದೆ. ಚೊಂಬಿನ ಬಾಯಿ ಮೇಲಿನಿಂದ ನೋಡಿದ ಹಾಗೆ ಗುಂಡಗಿದೆ, ಹೊಟ್ಟೆ ಪಕ್ಕದಿಂದ ನೋಡಿದ ಹಾಗಿದೆ, ತಳವೂ ಅಲ್ಲೇ ಕಾಣುತ್ತಿದೆ! ನಿಂಬೆಹಣ್ಣಿಗೆ ಮೂಲೆಗಳು. ಮೇಜು ನಮ್ಮ ಕಡೆಗೇ ವಾಲಿದೆ, ಏನೂ ಜಾರುತ್ತಿಲ್ಲ. ಪೇಪರಿನ ಅಕ್ಷರಗಳು ಅರ್ಧಕ್ಕೇ ನಿಂತಿವೆ. ಹಳದಿ, ಕೆಂಪು ಎಲ್ಲಿ ಹೋದವೋ, ಬರೀ ಮಣ್ಣಿನ ಬಣ್ಣ, ಬೂದಿ ಬಣ್ಣ. ಚೊಂಬು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತಲೂ ತಿಳಿಯಲಿಲ್ಲ.

“ಅಯ್ಯೋ, ನನ್ನಿಂದ್ಲೇ ಕೆಟ್ಟೋಯ್ತಲ್ಲೇ! ದಿನಾ ಸಂಜೆ ಬೋರಲು ಹಾಕ್ತಿದ್ದೆ. ಮೇಷ್ಟ್ರಿಗೆ ನಾನೇ ಹೇಳ್ತೀನಿ ಬುಡು, ತಪ್ಪು ಮಗೀದಲ್ಲ ಅಂತ.”

ಅವಳು ಬಿದ್ದು ಬಿದ್ದು ನಕ್ಕಳು. “ಮಂಕೇ, ಇದನ್ನ ಬರಿಯೋದೇ ಹಿಂಗೆ. ಎಲ್ಲಾ ಕಡೆಯಿಂದ್ಲೂ ನೋಡಿ ಒಟ್ಟಿಗೇ ಇಡೋದು.”

“ಒಟ್ಟಿಗೇ ಎಲ್ಲಾ ಕಡೆ ನಿಂತ್ಕೊಳಕ್ಕೆ ನೀನೇನು ದೇವ್ರಾ?”

“ಅಲ್ಲ ಕಣಜ್ಜಿ. ಆದ್ರೆ ತಳ ನಂಗೆ ಹೊಳ್ದಿದ್ದು ನೀನು ಬೋರಲು ಹಾಕಿದ್ದಕ್ಕೇ.”

“ಹಂಗಾರೆ ಕೆಟ್ಟಿಲ್ವಾ?”

“ಮೇಷ್ಟ್ರು ಹೇಳ್ಬೇಕು,” ಎಂದವಳ ನಗು ಅಲ್ಲಿಗೇ ನಿಂತಿತು.

ಮಾರನೆಯ ದಿನ ನಮ್ಮೂರ ಶಿರಾ ಗೇಟಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಫೋನು. “ಅಜ್ಜೀ, ಗೋಡೆಗೆ ಹಾಕವ್ರೆ!”

ಬಸ್ಸುಗಳ ಹಾರನ್ನಿನ ನಡುವೆ ನಾನೂ ಕೂಗಿದೆ. ಸೊಪ್ಪಿನವಳು ಹೆದರಿ, “ಏನಾಯ್ತಮ್ಮೋ?” ಅಂದಳು.

“ನನ್ನ ಮೊಮ್ಮಗ್ಳು ಚೊಂಬು ಬರ್ದವ್ಳೆ, ಕಾಲೇಜ್ನಲ್ಲಿ ಹಾಕವ್ರೆ!”

“ಚೊಂಬಾ? ಪರೀಕ್ಷೇಲಾ?”

“ಥೂ, ಆ ಚೊಂಬಲ್ವೇ!” ಅಂದು ವಿವರಿಸಲು ಹೋದೆ. ಬಾಯಿ ಮೇಲೆ, ತಳ ಪಕ್ಕಕ್ಕೆ ಎಂದು ಕೈ ತಿರುಗಿಸಿ ತಿರುಗಿಸಿ ಸಿಕ್ಕಿಹಾಕಿಕೊಂಡೆ.

“ನಂಗೇನೂ ತಿಳೀಲಿಲ್ಲ,” ಅಂದಳು.

“ನಂಗೂ ಅಷ್ಟೇ ಕಣೇ! ಬಾ, ಹೋಗಿ ನೋಡ್ಕೊಂಡ್ ಬರಾಣ.”