ಒಳ್ಳೆಯ ಸೀರೆಯುಟ್ಟು ಅಕ್ಕಿಗೆ ಬಂದವಳು

ಬೆಳಿಗ್ಗೆ ಹತ್ತೂಕಾಲಿಗೆ ಅವಳು ಮೆಟ್ಟಿಲು ಹತ್ತಿ ಬಂದಳು. ಕೆಟ್ಟದ್ದು ಶುರುವಾದದ್ದು ಆಗಲೇ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕರಾವಳಿಯವರ ಸಂಘ ಎರಡನೆಯ ಮಹಡಿಯ ಹಾಲಿನಲ್ಲಿ ತಿಂಗಳಿಗೊಮ್ಮೆ ಅಕ್ಕಿ, ಬೇಳೆ ಹಂಚುತ್ತಿತ್ತು. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಾಗ ಕಲಬುರಗಿ, ರಾಯಚೂರು ಕಡೆಯ ಕೂಲಿಯವರು ಬರುತ್ತಿದ್ದರು. ಕಾಲೇಜು ಮುಗಿಸಿ ಮನೆಯಲ್ಲಿದ್ದ ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದೆ.

ಅವಳು ಇಳಕಲ್ ಸೀರೆ ಉಟ್ಟಿದ್ದಳು. ಕೈತುಂಬ ಹಸಿರು ಬಳೆ, ಸೊಂಟದ ಮೇಲೆ ವರ್ಷ ತುಂಬದ ಮಗು. ಅಕ್ಕಿ ಚೀಲ ಹಿಡಿದು ಹೊರಬರುವಾಗ, ದಾನ ಕೊಟ್ಟವರಲ್ಲೊಬ್ಬರಾದ ನಮ್ಮ ಬಿಲ್ಡಿಂಗಿನ ಆಂಟಿ ಬಾಗಿಲಲ್ಲೇ ತಡೆದರು.

"ಇವಳಿಗೆ ಎಂತ ಬಡತನ ಮಾರಾಯ್ರೆ? ಸೀರೆ ನೋಡಿ. ನನ್ನ ಹತ್ರ ಇಲ್ಲ ಇಂಥದ್ದು."

"ಫೋನ್ ಭೀ ಹೈ," ಎಂದರು ಅಕ್ಕಿ ಅಳೆಯುತ್ತಿದ್ದವರು, ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ತೋರಿಸಿ. "ಮುಂದಿನ ಸಲ ರಿಕ್ಷಾ ಕಳಿಸುವ."

ಎಲ್ಲರೂ ನಕ್ಕರು. ನಗು ತನ್ನ ಮೇಲೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಛಲೋ ಸೀರಿ ಇದೊಂದೇ ಅದ ರೀ ಅಕ್ಕಾರ. ನಾಕ್ ಮಂದಿ ಇರೋ ಜಾಗಕ್ಕ ಹರಕ್ ಉಟ್ಕೊಂಡು ಹ್ಯಾಂಗ ಬರ್ಲಿ?"

"ನಾಟಕ ಬೇಡ. ಚೀಲ ಕೊಡು."

ಆಂಟಿ ಎಳೆದರು, ಅವಳು ಬಿಡಲಿಲ್ಲ. ಚೀಲ ಹರಿದು ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು. "ಅಕ್ಕಿ ಕಸ್ಕೊಳ್ಳಾಕತ್ಯಾರ" ಎಂದು ಯಾರೋ ಕೂಗಿದ್ದೇ, ಕೆಳಗೆ ಸಾಲಿನಲ್ಲಿದ್ದವರು ಒಮ್ಮೆಲೇ ಮೇಲಕ್ಕೆ ನುಗ್ಗಿದರು. ಅಕ್ಕಿಯ ಮೇಲೆ ಅವಳ ಕಾಲು ಜಾರಿತು, ಸೊಂಟ ಮೆಟ್ಟಿಲ ಬದಿಯ ಕಂಬಿಗೆ ಬಡಿಯಿತು. ಮಗು ಕಂಬಿಯ ಆಚೆಗೆ ಹೋಯಿತು.

ಕೆಳಗೆ ಸಿಮೆಂಟಿನ ಅಂಗಳ. ಅವಳ ಮುಷ್ಟಿಗೆ ಸಿಕ್ಕಿದ್ದ ಅಂಗಿಯಿಂದಷ್ಟೇ ಮಗು ನೇತಾಡುತ್ತಿತ್ತು. ನಾನು ಬಗ್ಗಿ ಅದರ ಬಲತೋಳು ಹಿಡಿದು ಮೇಲಕ್ಕೆಳೆದೆ. ಎಳೆಯುವಾಗ ಆ ತೋಳಿನೊಳಗೆ ಏನೋ ಲಟಕ್ ಎಂದಿತು. ಮಗು ಅಳಲೇ ಇಲ್ಲ.

ಆಂಟಿ ಪೊರಕೆ ತಂದರು. "ಅಷ್ಟೂ ಅಕ್ಕಿ ಹಾಳು. ಇವರಿಗೆ ಕೊಟ್ರೆ ಹೀಗೇ."

ಮಗುವಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ನಾನು ತಿರುಗುವಷ್ಟರಲ್ಲಿ ಅವಳು ಮಗುವನ್ನೆತ್ತಿಕೊಂಡು ಅಕ್ಕಿಯಿಲ್ಲದೆ ಇಳಿದು ಹೋಗಿದ್ದಳು.

ಆಮೇಲೆ ದಿನವೂ ರಾತ್ರಿ ಆ ಲಟಕ್ ಶಬ್ದ. ನಿದ್ದೆಯಲ್ಲಿ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಏಳುತ್ತಿದ್ದೆ. ಸಂಘಕ್ಕೆ ಅವಳು ಮತ್ತೆ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಸಿಕ್ಕಳು. ಹಳೆಯ ಸೀರೆ, ತಲೆಯಲ್ಲಿ ಸಿಮೆಂಟಿನ ಧೂಳು. ಮಗು ಅವಳ ಬೆರಳು ಹಿಡಿದು ಹೆಜ್ಜೆಯಿಡುತ್ತಿತ್ತು. ಹಿಡಿದಿದ್ದುದು ಬಲಗೈಯಲ್ಲಿ.

"ತೋಳು ನೆಟ್ಟಗಾಯ್ತ್ ನೋಡ್ರಿ ಅಕ್ಕಾರ," ಎಂದಳು.

ಯಾಕೆ ಮತ್ತೆ ಬರಲಿಲ್ಲ ಎಂದು ಕೇಳಿದೆ.

"ಯಾವ ಸೀರಿ ಉಟ್ಕೊಂಡ್ ಬರ್ಲಿ, ನೀವೇ ಹೇಳ್ರಿ."

ಲೋಕಲ್ ಬಂತು. ಅವಳು ಎತ್ತಿಕೊಂಡು ಹತ್ತುವಾಗ ಮಗು ಆ ಬಲಗೈಯನ್ನೇ ಎತ್ತಿ ಅವಳ ಕೂದಲು ಜಗ್ಗಿತು.

ಅಂದು ರಾತ್ರಿ ಒಮ್ಮೆಯೂ ಎಚ್ಚರವಾಗದೆ ಬೆಳಗಿನವರೆಗೂ ನಿದ್ದೆ ಮಾಡಿದೆ.